ಕಾಂಕ್ರೀಟಿನ ಹದವನ್ನು ಕಂಪ್ಯೂಟರಿಗೆ ಹೇಳಿಕೊಡುವವರು ಯಾರು?

ಕಬ್ಬಿಣದ ಸರಳು ತುಂಡಾಗುವ ಮೊದಲು ಬಿಸಿಯಾಗುತ್ತದೆ. ನನಗೆ ಇದು ಗೊತ್ತಾದದ್ದು ಎಂಜಿನಿಯರಿಂಗ್ ಎರಡನೇ ವರ್ಷದ ಲ್ಯಾಬಿನಲ್ಲಿ. ಅಲ್ಲಿ ಯುಟಿಎಂ ಅನ್ನುವ ಯಂತ್ರ ಇತ್ತು. ಎರಡು ದಪ್ಪ ಕಂಬ, ನಡುವೆ ಸರಳನ್ನು ಕಚ್ಚಿ ಹಿಡಿಯುವ ದವಡೆಗಳು, ಪಕ್ಕದಲ್ಲಿ ಗೋಡೆ ಗಡಿಯಾರದಷ್ಟು ದೊಡ್ಡ ಡಯಲ್. ಎಳೆಯಲು ಶುರು ಮಾಡಿದಾಗ ಕಣ್ಣಿಗೆ ಏನೂ ಕಾಣುವುದಿಲ್ಲ. ಮುಳ್ಳು ಮಾತ್ರ ಒಂದೇ ಸಮನೆ ಏರುತ್ತಿರುತ್ತದೆ. ಒಂದು ಹಂತಕ್ಕೆ ಬಂದಾಗ ಮುಳ್ಳು ತಡವರಿಸುತ್ತದೆ, ಸ್ವಲ್ಪ ಹಿಂದಕ್ಕೂ ಬರುತ್ತದೆ. ಅದೇ ಹೊತ್ತಿಗೆ ಸರಳಿನ ಮೈಮೇಲಿನ ಕಪ್ಪು ಪೊರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಅಲ್ಲಿಂದ ಮುಂದೆ ಭಾರ ತೆಗೆದರೂ ಸರಳು ಮೊದಲಿನ ಉದ್ದಕ್ಕೆ ಮರಳುವುದಿಲ್ಲ. ಇನ್ನೂ ಎಳೆದರೆ ಎಲ್ಲೋ ಒಂದು ಕಡೆ ಸೊಂಟ ಸಣ್ಣದಾಗುತ್ತದೆ. ಆಮೇಲೆ ಇಡೀ ಲ್ಯಾಬು ಬೆಚ್ಚುವಂತೆ ಢಂ ಎಂದು ಸದ್ದು.

"ಮುಟ್ಟಿ ನೋಡಪ್ಪ," ಅಂದರು ಲ್ಯಾಬಿನ ಮೇಷ್ಟ್ರು. ಮುರಿದ ಜಾಗ ಬೆಚ್ಚಗಿತ್ತು. ಒಂದು ತುಂಡಿನ ತುದಿ ಬಟ್ಟಲಿನಂತೆ ಗುಳಿಬಿದ್ದಿತ್ತು, ಇನ್ನೊಂದರದ್ದು ಆ ಬಟ್ಟಲಿಗೆ ಸರಿಯಾಗಿ ಕೂರುವ ದಿಬ್ಬದಂತಿತ್ತು.

ಈಗ ಇದೇ ಪಾಠವನ್ನು ಲ್ಯಾಪ್‌ಟಾಪಿನಲ್ಲಿ ಮಾಡಬಹುದು. ಸರಳಿನ ಚಿತ್ರ ಬರೆದು, ಎರಡು ತುದಿ ಹಿಡಿದು ಎಳೆ ಅಂತ ಹೇಳಿದರೆ ಸಾಕು. ನೀಲಿ, ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ಚಿತ್ರ ಬರುತ್ತದೆ. ಸೊಂಟ ಸಣ್ಣದಾಗುವುದೂ ಕಾಣುತ್ತದೆ. ಇದು ದೊಡ್ಡ ಸಾಧನೆಯೇ. ಸೇತುವೆ, ವಿಮಾನ, ಮೂಳೆಯೊಳಗೆ ಕೂರಿಸುವ ತಿರುಪು, ಎಲ್ಲದರ ಲೆಕ್ಕವೂ ಇವತ್ತು ನಡೆಯುವುದು ಹೀಗೆಯೇ. ಆದರೆ ವಿಶ್ವವಿದ್ಯಾಲಯಗಳಲ್ಲಿ ಈ ವಿದ್ಯೆ ಬೆಳೆಯುತ್ತಿರುವ ರೀತಿಯಲ್ಲಿ ನನ್ನನ್ನು ಕಾಡುವ ವಿಷಯ ಒಂದಿದೆ. ಲೆಕ್ಕ ಮಾಡುವ ಶಕ್ತಿ ಓಡುತ್ತಿದೆ. ವಸ್ತುವಿನ ಗುಣ ಅಳೆಯುವ ಕೆಲಸ ಹಿಂದೆ ಉಳಿದಿದೆ.

ಆ ಬಣ್ಣದ ಚಿತ್ರದ ಹಿಂದೆ ಇರುವುದು ಫೈನೈಟ್ ಎಲಿಮೆಂಟ್ ವಿಧಾನ. 1956ರಲ್ಲಿ ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಎಂಬ ನಾಲ್ವರು ಇದಕ್ಕೆ ದಾರಿ ಹಾಕಿದ ಪ್ರಬಂಧ ಬರೆದರು. ಅವರ ಮುಂದೆ ಇದ್ದದ್ದು ವಿಮಾನದ ರೆಕ್ಕೆಯ ಸಮಸ್ಯೆ. 1960ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಕ್ಲಫ್ ಇದಕ್ಕೆ ಈಗಿನ ಹೆಸರಿಟ್ಟರು. ಉಪಾಯ ಸರಳ. ದೊಡ್ಡ ವಸ್ತುವನ್ನು ಸಾವಿರಾರು, ಲಕ್ಷಾಂತರ ಚಿಕ್ಕ ತುಣುಕುಗಳಾಗಿ ಭಾಗ ಮಾಡುವುದು. ಒಂದೊಂದು ತುಣುಕಿನ ಲೆಕ್ಕ ಸುಲಭ. ಅಕ್ಕಪಕ್ಕದ ತುಣುಕುಗಳು ಒಂದನ್ನೊಂದು ಬಿಟ್ಟುಹೋಗದಂತೆ ಹೊಲಿದರೆ ಇಡೀ ವಸ್ತುವಿನ ಲೆಕ್ಕ ಸಿಗುತ್ತದೆ. ಹೀಗೆ ಹೊಲಿದ ಬಲೆಗೆ ಮೆಶ್ ಅನ್ನುತ್ತಾರೆ.

ಈ ಲೆಕ್ಕದಲ್ಲಿ ಮೂರು ಸಂಗತಿಗಳಿವೆ. ಬಲಗಳು ಸಮತೂಕದಲ್ಲಿ ಇರಬೇಕು. ಇದು ಉಕ್ಕಿಗೂ ಒಂದೇ, ಹಲಸಿನ ಮರಕ್ಕೂ ಒಂದೇ. ತುಣುಕುಗಳ ನಡುವೆ ಸಂದು ಬೀಳಬಾರದು. ಇದೂ ಎಲ್ಲಕ್ಕೂ ಒಂದೇ. ಮೂರನೆಯದು, ಇಷ್ಟು ಎಳೆದರೆ ಈ ವಸ್ತು ಎಷ್ಟು ಹಿಗ್ಗುತ್ತದೆ, ಯಾವಾಗ ಸೋಲುತ್ತದೆ, ಸೋತ ಮೇಲೆ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು. ಮೊದಲ ಎರಡನ್ನು ಕಂಪ್ಯೂಟರ್ ತಾನೇ ನೋಡಿಕೊಳ್ಳುತ್ತದೆ. ಮೂರನೆಯದನ್ನು ನಾವು ಹೇಳಿಕೊಡಬೇಕು. ನಮ್ಮ ಭಾಷೆಯಲ್ಲಿ ಇದಕ್ಕೆ ಹದ ಎಂಬ ಒಳ್ಳೆಯ ಮಾತಿದೆ. ಕುಲುಮೆಯಲ್ಲಿ ಕತ್ತಿಗೆ ಹದ ಕೊಡುತ್ತಾರೆ. ಗಾರೆ ಮೇಸ್ತ್ರಿ ಕರಣೆಯಲ್ಲಿ ಎತ್ತಿ ಹದ ನೋಡುತ್ತಾನೆ. ಸಾಫ್ಟ್‌ವೇರಿಗೆ ಹದ ಗೊತ್ತಿಲ್ಲ. ನಾವು ತುಂಬಿದ ಸಂಖ್ಯೆಯನ್ನೇ ಅದು ನಂಬುತ್ತದೆ.

ಸುಮ್ನೆ ಒಂದು ಉದಾಹರಣೆ ತಗೊಳ್ಳೋಣ. ಮನೆ ಕಟ್ಟುವಾಗ ಎಂ-25 ಕಾಂಕ್ರೀಟು ಅನ್ನುವುದನ್ನು ಕೇಳಿರುತ್ತೀರಿ. 150 ಮಿಲಿಮೀಟರ್ ಅಳತೆಯ ಕ್ಯೂಬು ಹಾಕಿ, 28 ದಿನ ನೀರಲ್ಲಿಟ್ಟು ಒತ್ತಿದರೆ, ಪ್ರತಿ ಚದರ ಮಿಲಿಮೀಟರಿಗೆ 25 ನ್ಯೂಟನ್ ತಡೆಯಬೇಕು. ಇಡೀ ಕ್ಯೂಬಿಗೆ ಲೆಕ್ಕ ಹಾಕಿದರೆ ಸುಮಾರು 57 ಟನ್ ಭಾರ. ಇದು ಅದರ ಬಲ. ಆದರೆ ಬೀಮು ಎಷ್ಟು ಬಾಗುತ್ತದೆ ಎಂದು ತಿಳಿಯಲು ಬಲ ಒಂದೇ ಸಾಲದು, ಅದರ ಬಿಗಿತನವೂ ಬೇಕು. ಅದನ್ನು ಅಳೆಯಲು 300 ಮಿಲಿಮೀಟರ್ ಎತ್ತರದ ಸಿಲಿಂಡರು ಬೇಕು, ಅದರ ಮೈಗೆ ಕಟ್ಟುವ ಸೂಕ್ಷ್ಮ ಮಾಪಕ ಬೇಕು, ತಾಳ್ಮೆ ಬೇಕು. ಹೆಚ್ಚಿನ ಕೆಲಸಗಳಲ್ಲಿ ಯಾರೂ ಅಳೆಯುವುದಿಲ್ಲ. ನಮ್ಮ ಕಾಂಕ್ರೀಟು ಸಂಹಿತೆ ಐಎಸ್ 456ರಲ್ಲಿ ಒಂದು ಸೂತ್ರ ಇದೆ. ಬಲದ ವರ್ಗಮೂಲವನ್ನು 5,000ದಿಂದ ಗುಣಿಸಿ ಅನ್ನುತ್ತದೆ ಅದು. 25ರ ವರ್ಗಮೂಲ 5. ಹಾಗಾಗಿ ಬಿಗಿತನ 25,000. ಪ್ರತಿಯೊಬ್ಬ ಸಿವಿಲ್ ವಿದ್ಯಾರ್ಥಿಯೂ ಕಣ್ಣುಮುಚ್ಚಿ ತುಂಬುವ ಸಂಖ್ಯೆ ಇದು.

ಅದೇ ಸಂಹಿತೆಯಲ್ಲಿ ಸೂತ್ರದ ಕೆಳಗೇ ಇನ್ನೊಂದು ವಾಕ್ಯ ಇದೆ. ನಿಜವಾಗಿ ಅಳೆದರೆ ಈ ಬೆಲೆ ಶೇಕಡ 20ರಷ್ಟು ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು ಎನ್ನುತ್ತದೆ. ಅಂದರೆ 25,000 ಎಂದು ನಾವು ತುಂಬಿದ ಜಾಗದಲ್ಲಿ 20,000ವೂ ಇರಬಹುದು, 30,000ವೂ ಇರಬಹುದು. ಕಂಪ್ಯೂಟರು 10.00 ಮಿಲಿಮೀಟರ್ ಬಾಗುತ್ತದೆ ಎಂದ ಬೀಮು, ಈ ಒಂದೇ ಕಾರಣಕ್ಕೆ, 8.3 ಕೂಡ ಬಾಗಬಹುದು, 12.5 ಕೂಡ ಬಾಗಬಹುದು. ಬಿರುಕು ಬಿಟ್ಟ ಮೇಲೆ ಆಗುವ ಬಾಗು, ವರ್ಷಗಟ್ಟಲೆ ಭಾರ ಹೊತ್ತು ನಿಧಾನಕ್ಕೆ ಆಗುವ ಬಾಗು, ಇವು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಸಂಹಿತೆ ಬರೆದವರು ಪ್ರಾಮಾಣಿಕವಾಗಿ ಎಚ್ಚರಿಕೆ ಕೊಟ್ಟಿದ್ದಾರೆ. ಉತ್ತರವನ್ನು ಎರಡು ದಶಮಾಂಶ ಸ್ಥಾನದವರೆಗೆ ನೋಡುವ ಹುಡುಗ ಹುಡುಗಿಯರಿಗೆ ಆ ಒಂದು ಸಾಲನ್ನು ಮೊದಲ ದಿನವೇ ತೋರಿಸಬೇಕು ಅಂತ ನನಗೆ ಅನ್ನಿಸುತ್ತದೆ.

ಕರ್ನಾಟಕದಲ್ಲಿ ಈ ಮಾತಿಗೆ ಇನ್ನೂ ಒಂದು ಕಾರಣ ಸೇರಿಕೊಂಡಿದೆ. ನದಿ ಮರಳು ಸಿಗುವುದು ಕಷ್ಟವಾಗಿ, ಅದರ ಜಾಗಕ್ಕೆ ಎಂ-ಸ್ಯಾಂಡ್, ಅಂದರೆ ಕಲ್ಲು ಒಡೆದು ಮಾಡಿದ ಮರಳು, ಬಂದಿದೆ. 2016ರಲ್ಲಿ ಪರಿಷ್ಕರಿಸಿದ, ಮರಳು ಜಲ್ಲಿಗಳ ಸಂಹಿತೆ ಐಎಸ್ 383 ಇದಕ್ಕೆ ಸರಿಯಾದ ಜಾಗವನ್ನೂ ಕೊಟ್ಟಿದೆ. ಹೊಳೆಯಲ್ಲಿ ಉರುಳಿ ಉರುಳಿ ಬಂದ ಮರಳಿನ ಕಾಳು ನುಣುಪು. ಕ್ರಷರಿನಲ್ಲಿ ಒಡೆದ ಗ್ರಾನೈಟಿನ ಕಾಳಿಗೆ ಮೂಲೆಗಳು ಜಾಸ್ತಿ. ಜೊತೆಗೆ ಕಲ್ಲಿನ ಹಿಟ್ಟೂ ಇರುತ್ತದೆ. ಒಂದು ಹಿಡಿ ಒದ್ದೆ ಎಂ-ಸ್ಯಾಂಡ್ ಹಿಂಡಿ ಬಿಟ್ಟರೆ ಅಂಗೈಗೆ ಬೂದು ಬಣ್ಣದ ಕೆಸರು ಅಂಟುತ್ತದೆ. ಹಿಟ್ಟು ಎಷ್ಟಿದೆ ಅನ್ನುವುದು ಕ್ರಷರಿನಿಂದ ಕ್ರಷರಿಗೆ, ತೊಳೆದಿದ್ದಾರೋ ಇಲ್ಲವೋ ಅನ್ನುವುದರ ಮೇಲೆ ಬದಲಾಗುತ್ತದೆ. ಮೂಲೆ ಜಾಸ್ತಿ ಇರುವ ಕಾಳು, ಹಿಟ್ಟು, ಎರಡೂ ನೀರು ಕೇಳುತ್ತವೆ. ಕಾಂಕ್ರೀಟು ಬಿಗಿಯಾಗಿ ಕಂಡರೆ ಸೈಟಿನಲ್ಲಿ ಯಾರೋ ಒಂದು ಬಕೆಟ್ ನೀರು ಸುರಿಯುತ್ತಾರೆ. ಸಿಮೆಂಟಿಗೆ ನೀರು ಹೆಚ್ಚಾದಷ್ಟೂ ಬಲ ಇಳಿಯುತ್ತದೆ ಅನ್ನುವುದು 1918ರಿಂದಲೂ, ಅಮೆರಿಕದ ಎಂಜಿನಿಯರ್ ಅಬ್ರಾಮ್ಸ್ ತೋರಿಸಿದಾಗಿನಿಂದಲೂ, ಗೊತ್ತಿರುವ ಸಂಗತಿ. ಎಂ-ಸ್ಯಾಂಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸರಿಯಾಗಿ ಬಳಸಿದರೆ ಒಳ್ಳೆಯ ಕಾಂಕ್ರೀಟೇ ಬರುತ್ತದೆ. ಆದರೆ ಅದರ ಹದ ಬೇರೆ. ಹಳೆಯ ಮರಳಿನ ಕಾಲದ ಅಳತೆಗಳಿಂದ ಬಂದ ಸಂಖ್ಯೆಯನ್ನು ಇದಕ್ಕೂ ಹಾಗೇ ಅಂಟಿಸುವ ಮೊದಲು ಅಳೆದು ನೋಡಬೇಕು, ಅಲ್ವಾ?

ಕನ್ನಂಬಾಡಿ ಕಟ್ಟೆಯನ್ನೇ ನೋಡಿ. 1911ರಲ್ಲಿ ಶುರುವಾದ ಆ ಕೆಲಸದಲ್ಲಿ ಕಲ್ಲುಗಳ ನಡುವೆ ಬಳಸಿದ್ದು ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುಣ್ಣದ ಗಾರೆ. ಇವತ್ತು ಯಾರಾದರೂ ಅದರ ಮೇಲೆ ಭೂಕಂಪದ ಲೆಕ್ಕ ಮಾಡಬೇಕಾದರೆ ಮೊದಲ ಪ್ರಶ್ನೆ, ನೂರು ವರ್ಷ ನೀರಿನ ಪಕ್ಕ ಇದ್ದ ಸುರ್ಕಿಯ ಗುಣ ಏನು ಅನ್ನುವುದು. ಸಾಫ್ಟ್‌ವೇರಿನ ಪಟ್ಟಿಯಲ್ಲಿ ಆ ಹೆಸರು ಇರುವುದಿಲ್ಲ.

ಹಾಗಂತ ಎಲ್ಲ ತಪ್ಪೂ ವಸ್ತುವಿನ ಕಡೆಯಿಂದಲೇ ಬರುತ್ತದೆ ಅನ್ನುವಂತಿಲ್ಲ. ಮೆಶ್ಶಿನಿಂದಲೂ ಬರುತ್ತದೆ. ಸಮುದ್ರದ ತಳದಿಂದ ಅನಿಲ ತೆಗೆಯಲು ಕಟ್ಟಿದ, ನಾರ್ವೆಯ ಸ್ಲೈಪ್ನರ್ ಎ ಅನ್ನುವ ವೇದಿಕೆಯ ಕಥೆ ಈ ಓದಿನಲ್ಲಿ ಎಲ್ಲರಿಗೂ ಗೊತ್ತು. ಅದರ ಕಾಂಕ್ರೀಟು ತಳವನ್ನು 1991ರ ಆಗಸ್ಟ್ 23ರಂದು ಸ್ಟವಾಂಗರ್ ಊರಿನ ಹತ್ತಿರದ ಫ್ಯೋರ್ಡ್‌ನಲ್ಲಿ, ಅಂದರೆ ಕಡಿದಾದ ದಡಗಳ ಕಡಲ ಹಿನ್ನೀರಿನಲ್ಲಿ, ನಿಧಾನವಾಗಿ ನೀರಿಗೆ ಇಳಿಸುತ್ತಿದ್ದಾಗ ಒಂದು ಗೋಡೆ ಸೀಳಿತು. ಇಡೀ ರಚನೆ ಮುಳುಗಿ ತಳ ಸೇರಿತು. ನೆಲಕ್ಕೆ ಬಡಿದ ರಭಸ ರಿಕ್ಟರ್ ಮಾಪಕದಲ್ಲಿ 3ರಷ್ಟು ದಾಖಲಾಯಿತು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. ತನಿಖೆಯಲ್ಲಿ ಸಿಕ್ಕಿದ್ದು ಇಷ್ಟು. ಮೂರು ಗೋಡೆ ಸೇರುವ ಜಾಗದಲ್ಲಿ ತುಣುಕುಗಳನ್ನು ಒರಟಾಗಿ, ಸರಿಯಿಲ್ಲದ ಆಕಾರದಲ್ಲಿ ಮಾಡಿದ್ದರು. ಅದರಿಂದ ಕತ್ತರಿಸುವ ಬಲ ಇರಬೇಕಾದದ್ದಕ್ಕಿಂತ ಶೇಕಡ 47ರಷ್ಟು ಕಡಿಮೆ ಬಂದಿತ್ತು. ಅದೇ ಜಾಗದಲ್ಲಿ ಹಾಕಿದ ಕಬ್ಬಿಣವೂ ಸಾಲದಾಗಿತ್ತು. ಆಮೇಲೆ ಎಚ್ಚರದಿಂದ ಮತ್ತೆ ಲೆಕ್ಕ ಮಾಡಿದಾಗ, 62 ಮೀಟರ್ ಆಳದಲ್ಲಿ ಒಡೆಯಬೇಕು ಎಂದು ಬಂತು. ಒಡೆದದ್ದು ಸುಮಾರು 65 ಮೀಟರಿನಲ್ಲಿ. ಇದರಲ್ಲಿ ನನಗೆ ಧೈರ್ಯವೂ ಕಾಣುತ್ತದೆ. ಕೈ ಸರಿಯಿದ್ದರೆ ವಿಧಾನ ಅಷ್ಟು ಹತ್ತಿರದ ಉತ್ತರ ಕೊಡುತ್ತದೆ. ಮೆಶ್ಶಿನ ತಪ್ಪನ್ನು ಇನ್ನೊಂದು ಮೆಶ್ ಹಾಕಿ, ಇಲ್ಲವೇ ಕಾಗದದ ಮೇಲೆ ಕೈಲೆಕ್ಕ ಮಾಡಿ ಹಿಡಿಯಬಹುದು.

ವಸ್ತುವಿನ ಬಗ್ಗೆ ಇರುವ ಅಜ್ಞಾನವನ್ನು ಹಾಗೆ ಹಿಡಿಯಲು ಆಗುವುದಿಲ್ಲ. ಅದಕ್ಕೆ ವಸ್ತುವನ್ನೇ ಕೇಳಬೇಕು.

ಕೊಲಂಬಿಯಾ ಬಾಹ್ಯಾಕಾಶ ನೌಕೆಯ ನೆನಪು ನಮ್ಮಲ್ಲಿ ಬಹಳ ಜನರಿಗೆ ಇದೆ. ಕಲ್ಪನಾ ಚಾವ್ಲಾ ಅವರನ್ನು ನಾವು ಕಳೆದುಕೊಂಡದ್ದು ಅದರಲ್ಲಿ. ಅವರು ಗಗನಯಾತ್ರಿ ಆಗುವ ಮೊದಲು ಮಾಡುತ್ತಿದ್ದ ಕೆಲಸ ಗಾಳಿಯ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಸಂಶೋಧನೆ. 2003ರ ಜನವರಿ 16ರಂದು ನೌಕೆ ಮೇಲೇರಿದ ಸುಮಾರು 82 ಸೆಕೆಂಡಿಗೆ, ಹೊರಗಿನ ಇಂಧನದ ತೊಟ್ಟಿಯಿಂದ ನೊರೆಯಂಥ ಫೋಮಿನ ಒಂದು ತುಂಡು ಕಳಚಿ ಎಡ ರೆಕ್ಕೆಗೆ ಬಡಿಯಿತು. ತೂಕ ಮುಕ್ಕಾಲು ಕಿಲೋ ಆಸುಪಾಸು. ನೌಕೆ ಇನ್ನೂ ಮೇಲೆ ಇದ್ದಾಗಲೇ ಎಂಜಿನಿಯರುಗಳು ಪೆಟ್ಟು ಎಷ್ಟಾಗಿರಬಹುದು ಎಂದು ಲೆಕ್ಕ ಹಾಕಿದರು. ಶಾಖ ತಡೆಯುವ ಹೊರಮೈಯ ಟೈಲುಗಳಿಗೆ ಅವರ ಬಳಿ ಇದ್ದದ್ದು ಕ್ರೇಟರ್ ಎಂಬ ಸೂತ್ರ. ಅದನ್ನು ಚಿಕ್ಕ ಚಿಕ್ಕ ಚೂರುಗಳನ್ನು ಹೊಡೆದು ಮಾಡಿದ ಪರೀಕ್ಷೆಗಳಿಂದ ತಯಾರಿಸಿದ್ದರು. ಬಡಿದ ತುಂಡು ಆ ಚೂರುಗಳಿಗಿಂತ ನೂರಾರು ಪಟ್ಟು ದೊಡ್ಡದು. ಸೂತ್ರ ಟೈಲು ಪೂರ್ತಿ ತೂತಾಗಬಹುದು ಎಂದೇ ಹೇಳಿತು. ಆದರೆ ಅದು ಯಾವಾಗಲೂ ಇರುವುದಕ್ಕಿಂತ ಹೆಚ್ಚು ಹೇಳುತ್ತದೆ ಎಂಬ ಅನುಭವದ ಮೇಲೆ ಆ ಉತ್ತರವನ್ನು ಬದಿಗಿಟ್ಟರು. ರೆಕ್ಕೆಯ ಮುಂದಂಚಿನ ಕಾರ್ಬನ್ ಫಲಕಕ್ಕೆ ಬಳಸಿದ್ದು ಮಂಜುಗಡ್ಡೆಯ ಹೊಡೆತಕ್ಕೆ ಹೊಂದಿಸಿದ ಲೆಕ್ಕ. ಫೋಮು ಮಂಜಿಗಿಂತ ಹಗುರ, ಏನೂ ಆಗದು ಎಂದುಕೊಂಡರು. ಫೆಬ್ರವರಿ 1ರಂದು ಏಳು ಜನ ಮರಳಿ ಬರಲಿಲ್ಲ.

ಅದೇ ವರ್ಷ ಜುಲೈನಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ ಅಂಥದ್ದೇ ಫೋಮಿನ ತುಂಡನ್ನು ಗಾಳಿಯ ಫಿರಂಗಿಯಿಂದ ನಿಜವಾದ ಕಾರ್ಬನ್ ಫಲಕಕ್ಕೆ ಹೊಡೆದು ನೋಡಿದರು. ಫಲಕದಲ್ಲಿ ಸುಮಾರು 40 ಸೆಂಟಿಮೀಟರ್ ಅಗಲದ ತೂತು ಬಿತ್ತು. ಕೈಯಲ್ಲಿ ಹಿಡಿದರೆ ಹೂವಿನಂತೆ ಹಗುರ ಇರುವ ವಸ್ತು ಸೆಕೆಂಡಿಗೆ 200 ಮೀಟರಿಗೂ ಜಾಸ್ತಿ ವೇಗದಲ್ಲಿ ಬಂದಾಗ ಬೇರೆಯೇ ವಸ್ತುವಿನಂತೆ ನಡೆದುಕೊಳ್ಳುತ್ತದೆ. ಇದನ್ನು ಹೊಡೆದು ನೋಡದೆ ತಿಳಿಯುವ ದಾರಿ ಇರಲಿಲ್ಲ.

ಆಮೇಲೆ ನಾಸಾ ಮಾಡಿದ ಕೆಲಸವನ್ನು ನಾನು ತುಂಬ ಗೌರವದಿಂದ ನೋಡುತ್ತೇನೆ. ಕ್ರಮ ಹೀಗಿತ್ತು. ಮೊದಲು ಫೋಮಿನ ಮತ್ತು ಕಾರ್ಬನ್ನಿನ ಚಿಕ್ಕ ತುಂಡುಗಳನ್ನು ಬೇರೆ ಬೇರೆ ವೇಗದಲ್ಲಿ ಪರೀಕ್ಷಿಸಿದರು. ಆ ಅಳತೆಗಳಿಂದ ಕಂಪ್ಯೂಟರ್ ಮಾದರಿ ಕಟ್ಟಿದರು. ಮಾದರಿ ಹೇಳಿದ್ದನ್ನು ಸ್ವಲ್ಪ ದೊಡ್ಡ ತುಂಡಿನ ಮೇಲೆ ಹೊಡೆದು ನೋಡಿದರು. ಕೊನೆಗೆ ಇಡೀ ಫಲಕದ ಮೇಲೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ ಮೇಲೆ 2005ರ ಜುಲೈನಲ್ಲಿ ನೌಕೆಗಳು ಮತ್ತೆ ಹಾರಿದವು. ಲ್ಯಾಬು ಮತ್ತು ಕಂಪ್ಯೂಟರು ಒಂದೇ ಎತ್ತಿನಗಾಡಿಗೆ ಕಟ್ಟಿದ ಜೋಡಿಯಂತೆ ನಡೆದ ಕೆಲಸ ಅದು.

ಸಂಶೋಧಕರ ಸಮುದಾಯಕ್ಕೆ ಈ ಸಮಸ್ಯೆ ಗೊತ್ತಿಲ್ಲ ಅಂತ ಅಲ್ಲ. 2012ರಲ್ಲಿ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯ ಒಂದು ಸವಾಲು ಇಟ್ಟಿತು. ಒಂದು ಬಗೆಯ ಉಕ್ಕಿನ ಫಲಕ, ಅದರಲ್ಲಿ ಒಂದು ಸೀಳು, ಮುಂದೆ ಕೆಲವು ತೂತುಗಳು. ಎಳೆದಾಗ ಬಿರುಕು ಯಾವ ತೂತಿನ ಕಡೆಗೆ ಹೋಗುತ್ತದೆ, ಎಷ್ಟು ಭಾರಕ್ಕೆ ಹೋಗುತ್ತದೆ ಎಂದು ಮುಂಚಿತವಾಗಿ ಹೇಳಬೇಕು. ವಸ್ತುವಿನ ಎಳೆತದ ಅಳತೆಗಳನ್ನು ಎಲ್ಲರಿಗೂ ಕೊಟ್ಟರು. ಪರೀಕ್ಷೆಯ ಫಲಿತಾಂಶವನ್ನು ಮಾತ್ರ ಮುಚ್ಚಿಟ್ಟರು. 13 ತಂಡಗಳು ಉತ್ತರ ಕಳಿಸಿದವು. ವಿಶ್ವವಿದ್ಯಾಲಯಗಳೂ ಇದ್ದವು, ಪ್ರಯೋಗಾಲಯಗಳೂ ಇದ್ದವು. ಎಲ್ಲರೂ ಪಳಗಿದವರೇ. ಆದರೂ ಉತ್ತರಗಳು ಒಂದಕ್ಕೊಂದು ದೂರ ದೂರ ಬಿದ್ದವು. ಇನ್ನೂ ಕುತೂಹಲದ ಸಂಗತಿ ಎಂದರೆ ಉಕ್ಕಿನ ಫಲಕಗಳೂ ಒಂದೇ ರೀತಿ ಮುರಿಯಲಿಲ್ಲ. ತೂತು ಕೊರೆಯುವಾಗ ಆದ ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಬಿರುಕು ಬೇರೆ ದಾರಿ ಹಿಡಿಯಿತು. ಆಮೇಲೆ ಇಂಥ ಸವಾಲುಗಳು ಮತ್ತೆ ನಡೆದವು, ಒಮ್ಮೆ ಟೈಟಾನಿಯಂ ಮಿಶ್ರಲೋಹದ ಮೇಲೆ, ಇನ್ನೊಮ್ಮೆ 3ಡಿ ಮುದ್ರಣದ ಉಕ್ಕಿನ ಮೇಲೆ. ಫಲಿತಾಂಶ ಗೊತ್ತಾದ ಮೇಲೆ ಅದಕ್ಕೆ ಹೊಂದುವ ಗೆರೆ ಎಳೆಯುವುದು ಸುಲಭ. ಗೊತ್ತಾಗುವ ಮೊದಲೇ ಹೇಳಿ, ತಪ್ಪಿದರೆ ತಪ್ಪಿದೆ ಎಂದು ಹೆಸರು ಹಾಕಿ ಪ್ರಕಟಿಸುವುದಕ್ಕೆ ಎದೆಗಾರಿಕೆ ಬೇಕು. ನಮ್ಮ ವಿಶ್ವವಿದ್ಯಾಲಯಗಳ ನಡುವೆ ಇಂಥದ್ದೊಂದು ವರ್ಷಕ್ಕೊಮ್ಮೆ ನಡೆಯಲಿ ಅಂತ ನನಗೆ ಬಹಳ ಆಸೆ. ನಮ್ಮ ಸರಳು, ನಮ್ಮ ಕಾಂಕ್ರೀಟು, ಒಂದು ಬೀಮು ಸಾಕು.

ಈಗ ಎಐ ವಿಷಯಕ್ಕೆ ಬರೋಣ. ಇವತ್ತು ಈ ಕ್ಷೇತ್ರದ ಹೆಚ್ಚು ಮಾತು ಅದರ ಬಗ್ಗೆಯೇ. ವಸ್ತುವಿನ ನಡತೆಯನ್ನು ಸೂತ್ರ ಬರೆದು ಹೇಳುವ ಬದಲು ಅಳತೆಗಳಿಂದಲೇ ಕಲಿಯಲಿ ಎನ್ನುವುದು ಹೊಸ ಯೋಚನೆಯಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ಘಬೂಸಿ ಮತ್ತು ಜೊತೆಗಾರರು 1991ರಲ್ಲೇ ನ್ಯೂರಲ್ ನೆಟ್‌ವರ್ಕಿಗೆ ಕಾಂಕ್ರೀಟಿನ ನಡತೆ ಕಲಿಸಲು ನೋಡಿದ್ದರು. ಈಗ ಕಂಪ್ಯೂಟರಿನ ಶಕ್ತಿ ಬಂದಿದೆ. ಭೌತಶಾಸ್ತ್ರದ ನಿಯಮಗಳನ್ನು ಒಳಗೇ ಇಟ್ಟುಕೊಂಡು ಕಲಿಯುವ ಜಾಲಗಳು 2019ರಿಂದ ಈಚೆಗೆ ಭಾರಿ ಹರಡಿವೆ. ಗಂಟೆಗಟ್ಟಲೆ ಹಿಡಿಯುತ್ತಿದ್ದ ಲೆಕ್ಕ ಕ್ಷಣದಲ್ಲಿ ಮುಗಿಯುತ್ತದೆ. ಇದರಲ್ಲಿ ನಿಜವಾದ ಲಾಭ ಇದೆ. ಸಾವಿರ ವಿನ್ಯಾಸಗಳನ್ನು ಬೇಗ ಜರಡಿ ಹಿಡಿಯಬಹುದು.

ಆದರೆ ಕಲಿಯುವುದು ಯಾವುದರಿಂದ? ಕಾಂಕ್ರೀಟಿನ ಬಲ ಹೇಳುವ ಎಐ ಪ್ರಬಂಧಗಳನ್ನು ಓದುತ್ತಾ ಹೋದರೆ ಒಂದೇ ಕೋಷ್ಟಕ ಮತ್ತೆ ಮತ್ತೆ ಎದುರಾಗುತ್ತದೆ. ತೈವಾನಿನ ಐ-ಚೆಂಗ್ ಯೆ ಅವರು ತಮ್ಮ 1998ರ ಪ್ರಬಂಧಕ್ಕೆ ಕೂಡಿಸಿದ, ಆಮೇಲೆ ಎಲ್ಲರಿಗೂ ಬಿಟ್ಟುಕೊಟ್ಟ ಕೋಷ್ಟಕ ಅದು. 1,030 ಸಾಲುಗಳು. ಪ್ರತಿ ಸಾಲಿನಲ್ಲಿ ಸಿಮೆಂಟು, ಸ್ಲ್ಯಾಗ್ ಎಂಬ ಕಬ್ಬಿಣದ ಕುಲುಮೆಯ ಕಿಟ್ಟ, ಹಾರುಬೂದಿ, ನೀರು, ಕಾಂಕ್ರೀಟನ್ನು ಸಡಿಲ ಮಾಡುವ ಸೂಪರ್‌ಪ್ಲಾಸ್ಟಿಸೈಜರ್, ಜಲ್ಲಿ, ಮರಳು ಎಷ್ಟೆಷ್ಟು, ಎಷ್ಟು ದಿನದ ಕಾಂಕ್ರೀಟು, ಬಲ ಎಷ್ಟು, ಇಷ್ಟೇ. ಅವರು ಮಾಡಿದ್ದು ದೊಡ್ಡ ಉಪಕಾರ. ಆ ಕೋಷ್ಟಕ ಇಲ್ಲದಿದ್ದರೆ ಎಷ್ಟೋ ಮಕ್ಕಳಿಗೆ ಕಲಿಯಲು ಏನೂ ಇರುತ್ತಿರಲಿಲ್ಲ. ಅದರಲ್ಲಿ ಮರಳಿನ ತೂಕ ಇದೆ. ಯಾವ ಮರಳು ಎಂಬುದಿಲ್ಲ. ಹೊಳೆಯದೋ ಕ್ರಷರಿನದೋ, ಹಿಟ್ಟು ಎಷ್ಟು, ಜಲ್ಲಿ ಯಾವ ಕಲ್ಲಿನದು ಎನ್ನುವ ಕಾಲಂ ಇಲ್ಲ. ಈ ಕೋಷ್ಟಕದ ಮೇಲೆ ಶೇಕಡ 95ರಷ್ಟು ಸರಿ ಉತ್ತರ ಕೊಡುವ ಹೊಸ ಅಲ್ಗಾರಿದಮ್ ಬಂದರೆ ಸಂತೋಷವೇ. ಆದರೆ ಅದರಿಂದ ಚಿಕ್ಕಬಳ್ಳಾಪುರದ ಕ್ರಷರಿನ ಎಂ-ಸ್ಯಾಂಡ್ ಹಾಕಿದ ಕಾಂಕ್ರೀಟಿನ ಬಗ್ಗೆ ನಮಗೆ ಹೊಸದಾಗಿ ಒಂದಕ್ಷರವೂ ಗೊತ್ತಾಗಲಿಲ್ಲ. ಕಲಿತ ವ್ಯಾಪ್ತಿಯ ಹೊರಗೆ ಕಾಲಿಟ್ಟಾಗ ಎಐ ನಿಂತು "ನನಗೆ ಗೊತ್ತಿಲ್ಲ" ಅನ್ನುವುದಿಲ್ಲ. ಅದೇ ಧೈರ್ಯದಲ್ಲಿ ಒಂದು ಸಂಖ್ಯೆ ಕೊಡುತ್ತದೆ. ಕ್ರೇಟರ್ ಸೂತ್ರವೂ ತನ್ನ ವ್ಯಾಪ್ತಿ ಎಲ್ಲಿ ಮುಗಿಯಿತು ಎಂದು ತಾನಾಗಿ ಹೇಳಿರಲಿಲ್ಲ.

ನಮ್ಮ ಊರುಗಳಲ್ಲಿ ಅಳತೆಗಳೇ ಇಲ್ಲವೇ ಅಂದರೆ, ಇವೆ. ಇದೇ ನನಗೆ ಜಾಸ್ತಿ ಸಂಕಟ ತರುವ ವಿಷಯ. ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿಗೆ ಗುತ್ತಿಗೆದಾರರು ಕ್ಯೂಬು ತಂದು ಒಡೆಸುತ್ತಾರೆ. ಎಂ.ಟೆಕ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಹತ್ತಾರು ಕ್ಯೂಬು ಹಾಕುತ್ತಾರೆ. ಕ್ಯೂಬಿನ ಮೇಲೆ ಬಣ್ಣದಲ್ಲಿ ಬರೆದ ತಾರೀಕು, ರಿಜಿಸ್ಟರಿನಲ್ಲಿ ಒಂದು ಸಾಲು, ಹಿತ್ತಲಲ್ಲಿ ಒಡೆದ ಚೂರುಗಳ ಗುಡ್ಡೆ. ಆ ಸಾಲುಗಳು ಅಲ್ಲೇ ಮುಗಿಯುತ್ತವೆ. ಮರಳು ಎಲ್ಲಿಯದು, ನೀರು ಎಷ್ಟು ಹಾಕಿದರು, ಹಾಕುವಾಗ ಸ್ಲಂಪ್, ಅಂದರೆ ಹಸಿ ಕಾಂಕ್ರೀಟಿನ ಕುಸಿತ, ಎಷ್ಟಿತ್ತು ಎಂದು ಇನ್ನು ನಾಲ್ಕು ಕಾಲಂ ಸೇರಿಸಿ ಒಂದು ಕಡೆ ಕೂಡಿಟ್ಟರೆ, ಕೆಲವೇ ವರ್ಷಗಳಲ್ಲಿ ಕರ್ನಾಟಕದ್ದೇ ಆದ ಕೋಷ್ಟಕ ಆಗುತ್ತದೆ. ಇದಕ್ಕೆ ಹೊಸ ಯಂತ್ರ ಬೇಡ. ಒಂದು ಒಪ್ಪಂದ ಬೇಕು, ಒಬ್ಬರು ಜವಾಬ್ದಾರಿ ಹೊರಬೇಕು.

ಹೊಸ ಯಂತ್ರ ಬೇಕಾಗುವ ಕೆಲಸವೂ ಇದೆ. ಸಾಮಾನ್ಯ ಲ್ಯಾಬಿನ ಒತ್ತುವ ಯಂತ್ರ ಭಾರವನ್ನು ಏರಿಸುತ್ತಾ ಹೋಗುತ್ತದೆ. ಕ್ಯೂಬು ತನ್ನ ತುತ್ತತುದಿ ಮುಟ್ಟಿದ ಕ್ಷಣ, ಯಂತ್ರದ ಚೌಕಟ್ಟಿನಲ್ಲಿ ಕೂಡಿದ್ದ ಶಕ್ತಿಯೆಲ್ಲ ಒಟ್ಟಿಗೆ ನುಗ್ಗಿ ಕ್ಯೂಬು ಪುಡಿಯಾಗುತ್ತದೆ. ನಮಗೆ ಸಿಗುವುದು ಒಂದೇ ಸಂಖ್ಯೆ, ಆ ತುದಿಯದ್ದು. ಆದರೆ ಭೂಕಂಪದಲ್ಲಿ ಕಟ್ಟಡ ಎದ್ದು ನಿಲ್ಲುತ್ತದೋ ಕುಸಿಯುತ್ತದೋ ಎಂದು ಲೆಕ್ಕ ಮಾಡುವವರಿಗೆ ಬೇಕಾದದ್ದು ತುದಿ ದಾಟಿದ ಮೇಲೆ ಬಲ ಇಳಿಯುತ್ತಾ ಹೋಗುವ ಇಳಿಜಾರು. ಕಾಂಕ್ರೀಟು ಒಮ್ಮೆಲೇ ಕೈಬಿಡುವುದಿಲ್ಲ. ಬಿರುಕಿನ ಎರಡು ಬದಿಗಳನ್ನು ಜಲ್ಲಿ ಕಲ್ಲುಗಳು ಸ್ವಲ್ಪ ಹೊತ್ತು ಹಿಡಿದುಕೊಂಡಿರುತ್ತವೆ. ಸ್ವೀಡನ್ನಿನ ಲುಂಡ್‌ನಲ್ಲಿ ಹಿಲ್ಲರ್‌ಬೋರ್ಗ್ ಮತ್ತು ಜೊತೆಗಾರರು 1976ರಲ್ಲಿ ಇದನ್ನು ಲೆಕ್ಕಕ್ಕೆ ತರುವ ದಾರಿ ತೋರಿಸಿದರು.

ಈ ಇಳಿಜಾರು ಇಲ್ಲದೆ ಲೆಕ್ಕ ಮಾಡಿದರೆ ಒಂದು ವಿಚಿತ್ರ ಆಗುತ್ತದೆ. ಮೆಶ್ ಸಣ್ಣದು ಮಾಡಿದಷ್ಟೂ ಉತ್ತರ ಸರಿಯಾಗುತ್ತದೆ ಎಂದು ವಿದ್ಯಾರ್ಥಿಗೆ ಕಲಿಸಿರುತ್ತಾರೆ. ಬಿರುಕು ಬಿಡುವ ಕಾಂಕ್ರೀಟಿನಲ್ಲಿ ತುಣುಕು ಅರ್ಧ ಮಾಡಿದರೆ ಬಿರುಕು ಆ ಅರ್ಧ ತುಣುಕಿನೊಳಗೇ ಸೇರಿಕೊಳ್ಳುತ್ತದೆ. ಮತ್ತೆ ಅರ್ಧ ಮಾಡಿದರೆ ಅದರೊಳಗೆ. ಬಿರುಕು ತೆರೆಯಲು ಬೇಕಾದ ಶಕ್ತಿ ಕಡಿಮೆಯಾಗುತ್ತಾ ಸೊನ್ನೆಯ ಕಡೆಗೆ ಹೋಗುತ್ತದೆ. ಉತ್ತರ ಎಲ್ಲೂ ನಿಲ್ಲುವುದೇ ಇಲ್ಲ. ಕಂಪ್ಯೂಟರು ಕೆಟ್ಟಿಲ್ಲ, ನಾವು ಒಂದು ಮಾತು ಹೇಳಲು ಮರೆತಿದ್ದೇವೆ. ಇಷ್ಟು ವಿಸ್ತೀರ್ಣದ ಬಿರುಕಿಗೆ ಇಷ್ಟು ಶಕ್ತಿ ಖರ್ಚಾಗಲೇಬೇಕು ಅನ್ನುವ ಮಾತು. 1983ರಲ್ಲಿ ಬಜಾಂಟ್ ಮತ್ತು ಓ ಎಂಬ ಇಬ್ಬರು ಸಂಶೋಧಕರು ಅದನ್ನು ಮೆಶ್ಶಿನೊಳಗೆ ಕೂರಿಸುವ ಉಪಾಯ ಕೊಟ್ಟರು. ಇವತ್ತು ಬಳಕೆಯಲ್ಲಿರುವ ಎಷ್ಟೋ ಕಾಂಕ್ರೀಟು ಮಾದರಿಗಳು ಆ ದಾರಿಯಲ್ಲೇ ಇವೆ. ಸಾಫ್ಟ್‌ವೇರ್ ಒಂದು ಖಾಲಿ ಜಾಗ ತೋರಿಸಿ ಬಿರುಕಿನ ಶಕ್ತಿ ಎಷ್ಟು ಎಂದು ಕೇಳುತ್ತದೆ. ಅಲ್ಲಿ ತುಂಬಲು ನಮ್ಮ ಕಾಂಕ್ರೀಟಿನ ಅಳತೆ ಸಿಗುವುದು ಅಪರೂಪ. ಯಾವುದೋ ಪರದೇಶದ ಪ್ರಬಂಧದಿಂದ ಎತ್ತಿ ಹಾಕುತ್ತಾರೆ.

ಯಾಕೆ ಹೀಗಾಯಿತು ಅನ್ನುವುದು ಅರ್ಥವಾಗದ ವಿಷಯವೇನಲ್ಲ. ಕಾಂಕ್ರೀಟಿಗೆ 28 ದಿನ ಕಾಯಬೇಕು. ಲೋಹದ ದಣಿವಿನ ಪರೀಕ್ಷೆ, ಅಂದರೆ ಲಕ್ಷಗಟ್ಟಲೆ ಸಲ ಎಳೆದು ಬಿಡುವ ಪರೀಕ್ಷೆ, ವಾರಗಟ್ಟಲೆ ನಡೆಯಬಹುದು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿಂದ ಯೋಚಿಸಬೇಕು. ಯಂತ್ರ ಕೆಟ್ಟರೆ ಬಿಡಿಭಾಗ ಬರುವಷ್ಟರಲ್ಲಿ ಪಿಎಚ್.ಡಿ.ಯ ಒಂದು ವರ್ಷ ಕಳೆದಿರುತ್ತದೆ. ಅದೇ ಹೊತ್ತಿನಲ್ಲಿ ಪಕ್ಕದ ರೂಮಿನಲ್ಲಿ ಕಂಪ್ಯೂಟರ್ ಹಿಡಿದವರು ಮೂರು ಪ್ರಬಂಧ ಕಳಿಸಿರುತ್ತಾರೆ. ಬಡ್ತಿ, ಫೆಲೋಶಿಪ್ಪು ಎಲ್ಲವೂ ಪ್ರಬಂಧದ ಎಣಿಕೆಯ ಮೇಲೆ ನಿಂತಿರುವಾಗ ಹುಡುಗರನ್ನು ದೂರಿ ಏನು ಪ್ರಯೋಜನ? ಬೆಂಗಳೂರಿನ ಐಐಎಸ್‌ಸಿಯಲ್ಲಿ 2022ರಲ್ಲಿ ಪರಮ್ ಪ್ರವೇಗ ಬಂತು. ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ ಮಾಡಬಲ್ಲ ಸೂಪರ್ ಕಂಪ್ಯೂಟರ್ ಅದು. ಅಂಥದ್ದು ನಮ್ಮಲ್ಲಿ ಇರುವುದು ಹೆಮ್ಮೆಯ ವಿಷಯ, ಬೇಕೇ ಬೇಕು. ಅದೇ ಊರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್ ವಿಮಾನದ ಭಾಗಗಳನ್ನು ನಿಜವಾಗಿ ಭಾರ ಹಾಕಿ ಪರೀಕ್ಷಿಸುವ ಪರಂಪರೆ ಇಟ್ಟುಕೊಂಡಿದೆ. ತೇಜಸ್ ವಿಮಾನದ ತೂಕದ ಸುಮಾರು ಶೇಕಡ 45 ಕಾಂಪೋಸಿಟ್ ವಸ್ತು. ಪದರದ ಮೇಲೆ ಪದರ ಅಂಟಿಸಿ ಬೇಯಿಸಿದ ಅಂಥ ವಸ್ತುವಿನ ಮೇಲೆ ನಂಬಿಕೆ ಬರುವುದು ಸಾವಿರಾರು ಚಿಕ್ಕ ತುಂಡುಗಳನ್ನು ಮುರಿದು ನೋಡಿದ ಮೇಲೆಯೇ. ವಿಮಾನಕ್ಕೆ ನಾವು ಕೊಡುವ ಈ ಶ್ರದ್ಧೆಯಲ್ಲಿ ಸ್ವಲ್ಪವಾದರೂ ನಾಲ್ಕಂತಸ್ತಿನ ಅಪಾರ್ಟ್‌ಮೆಂಟಿಗೂ, ಹಳ್ಳದ ಸೇತುವೆಗೂ ಸಿಗಬೇಕು.

ಬಿರುಕಿನ ಶಕ್ತಿ ಅಳೆಯುವುದು ಹೇಗೆ ಎಂದು ಹೇಳಿ ಮುಗಿಸುತ್ತೇನೆ. ತೋಳುದ್ದದ ಕಾಂಕ್ರೀಟು ಬೀಮು ಮಾಡಿ, ಕೆಳಗಡೆ ನಡುವೆ ಗರಗಸದಿಂದ ಒಂದು ಗೀರು ಹಾಕುತ್ತಾರೆ. ಎರಡು ತುದಿಗೆ ಆಸರೆ ಕೊಟ್ಟು ನಡುವೆ ಒತ್ತುತ್ತಾರೆ. ಯಂತ್ರ ಭಾರವನ್ನು ಲೆಕ್ಕಿಸದೆ ಗೀರು ತೆರೆಯುವ ವೇಗವನ್ನು ನೋಡಿಕೊಂಡು ನಡೆಯುತ್ತದೆ. ಹಾಗಾಗಿ ಬೀಮು ಸಿಡಿಯುವುದಿಲ್ಲ. ಬಿರುಕು ನಿಮಿಷಗಟ್ಟಲೆ, ಕಣ್ಣಿಗೆ ಕಾಣುವಷ್ಟು ನಿಧಾನಕ್ಕೆ, ಜಲ್ಲಿಯ ಕಾಳುಗಳನ್ನು ಬಳಸಿಕೊಂಡು ಮೇಲೇರುತ್ತದೆ. ಪರದೆಯ ಮೇಲೆ ಗೆರೆ ಏರಿ, ತಿರುಗಿ, ಉದ್ದಕ್ಕೆ ಇಳಿಯುತ್ತದೆ. ಗೆರೆಯ ಕೆಳಗಿನ ಜಾಗ ಅಳೆದು, ಬೀಮಿನ ತೂಕದ ಪಾಲನ್ನೂ ಸೇರಿಸಿ ಬಿರುಕಿನ ವಿಸ್ತೀರ್ಣದಿಂದ ಭಾಗಿಸಿದರೆ ಉತ್ತರ. ಸಾಮಾನ್ಯ ಕಾಂಕ್ರೀಟಿಗೆ ಅದು ಚದರ ಮೀಟರಿಗೆ 100 ಜೌಲ್ ಆಸುಪಾಸು. ಹತ್ತು ಕಿಲೋ ಅಕ್ಕಿ ಚೀಲವನ್ನು ನೆಲದಿಂದ ಒಂದು ಮೀಟರ್ ಎತ್ತುವಷ್ಟು ಶಕ್ತಿ. ಒಂದು ಚದರ ಮೀಟರ್ ಬಿರುಕಿಗೆ ಅಷ್ಟೇ ಸಾಕು. ಪರೀಕ್ಷೆ ಮುಗಿದ ಮೇಲೆ ಎರಡು ತುಂಡನ್ನು ಬಿಡಿಸಿ ನೋಡಿದರೆ, ಒಂದರಲ್ಲಿ ಜಲ್ಲಿ ಎದ್ದು ನಿಂತಿರುತ್ತದೆ, ಇನ್ನೊಂದರಲ್ಲಿ ಅದೇ ಜಲ್ಲಿಯ ಗುಳಿ ಇರುತ್ತದೆ. ನಾಳೆ ಬೇರೆ ಕ್ರಷರಿನ ಮರಳು ಹಾಕಿದ ಇನ್ನೊಂದು ಬೀಮು ಯಂತ್ರಕ್ಕೇರಬೇಕು.